ಹಾರುತ್ತಿರುವ ವಿಮಾನದ ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್‌ಗಳು ಮೊದಲು ಏನು ಮಾಡುತ್ತಾರೆ?

ತಮ್ಮ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಕೊಳ್ಳುತ್ತಾರೆ. ಉಳಿದದ್ದೆಲ್ಲ ಆಮೇಲೆ. 35,000 ಅಡಿಯಲ್ಲಿ ಒತ್ತಡ ಹೋದರೆ ಬುದ್ಧಿ ನೆಟ್ಟಗೆ ಓಡುವುದು ಅರ್ಧದಿಂದ ಒಂದು ನಿಮಿಷ, ಅಷ್ಟೇ. ಕಷ್ಟ ಏನೆಂದರೆ, ಆಕ್ಸಿಜನ್ ಕಡಿಮೆಯಾದವರಿಗೆ ತಮಗೇನೋ ಆಗುತ್ತಿದೆ ಅಂತ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ, ಕೆಲವರಿಗಂತೂ ಹಾಯೆನಿಸುತ್ತದೆ.

ಮಾಸ್ಕ್ ಹಾಕಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿದೆಯೇ ನೋಡಿಕೊಳ್ಳುತ್ತಾರೆ. ಒತ್ತಡ ಹಿಡಿತಕ್ಕೆ ಬಾರದಿದ್ದರೆ ಎಂಜಿನ್ ತಗ್ಗಿಸಿ, ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಎಂಬ ಫಲಕಗಳನ್ನು ಎತ್ತಿ, ಮಾಸ್ಕ್ ಇಲ್ಲದೆ ಉಸಿರಾಡಬಹುದಾದ 10,000 ಅಡಿಗೆ ಇಳಿಯುತ್ತಾರೆ. ಕೆಳಗೆ ಎತ್ತರದ ಬೆಟ್ಟಗಳಿದ್ದರೆ ಅಷ್ಟು ಕೆಳಗಿಳಿಯುವ ಹಾಗಿಲ್ಲ. ಒಳಗೆ ಕೂತವರಿಗೆ ವಿಮಾನ ಬೀಳುತ್ತಿದೆ ಅನ್ನಿಸಬಹುದು. ಬೀಳುತ್ತಿಲ್ಲ, ಬೇಕೆಂದೇ ಇಳಿಸುತ್ತಿದ್ದಾರೆ.

ನಿಮ್ಮ ತಲೆಯ ಮೇಲಿಂದ ಬೀಳುವ ಮಾಸ್ಕನ್ನು ಎಳೆದರೇನೇ ಆಕ್ಸಿಜನ್ ಶುರು. ಹಲವು ವಿಮಾನಗಳಲ್ಲಿ ಅದು ಅಲ್ಲೇ ರಾಸಾಯನಿಕ ಕ್ರಿಯೆಯಿಂದ ತಯಾರಾಗುತ್ತದೆ, ಹಾಗಾಗಿ ಸುಟ್ಟ ವಾಸನೆ ಬರಬಹುದು. ಮಾಸ್ಕಿಗೆ ಜೋಡಿಸಿದ ಚೀಲ ಉಬ್ಬದಿದ್ದರೂ ಗಾಬರಿ ಬೇಡ. ಸುಮಾರು 12 ನಿಮಿಷ ಬರುತ್ತದೆ, ಇಳಿಯಲು ಅಷ್ಟು ಧಾರಾಳ ಸಾಕು.

ಮೊದಲ ಹೆಜ್ಜೆ ತಪ್ಪಿದರೆ? 2005ರ ಆಗಸ್ಟ್ 14ರಂದು ಗ್ರೀಸ್‌ನಲ್ಲಿ ಹೀಲಿಯೋಸ್ 522 ವಿಮಾನ ಬಿದ್ದು 121 ಮಂದಿ ಸತ್ತರು. ಒತ್ತಡದ ಸ್ವಿಚ್ ‘ಮ್ಯಾನ್ಯುಯಲ್’ನಲ್ಲೇ ಉಳಿದಿತ್ತು, ಹಾಗಾಗಿ ಮೇಲೇರಿದಂತೆ ಒಳಗಿನ ಒತ್ತಡ ತಾನಾಗಿ ಹೊಂದಿಕೊಳ್ಳಲಿಲ್ಲ. ಎಚ್ಚರಿಕೆಯ ಹಾರನ್ ಕೂಗಿತ್ತು, ಆದರೆ ಟೇಕಾಫ್ ಸಿದ್ಧತೆಯಲ್ಲಿ ತಪ್ಪಾದಾಗಲೂ ಬರುವುದು ಅದೇ ಸದ್ದು. ಪೈಲಟ್‌ಗಳು ಅದಿರಬೇಕು ಎಂದುಕೊಂಡರು. ಮಾಸ್ಕ್ ಹಾಕದೆ, ರೇಡಿಯೊದಲ್ಲಿ ನೆಲದ ಮೇಲಿನ ಎಂಜಿನಿಯರ್ ಜೊತೆ ಮಾತಾಡುತ್ತಲೇ ಪ್ರಜ್ಞೆ ತಪ್ಪಿದರು.