ಆಟದಲ್ಲಿ ಹುಟ್ಟಿದ ಕಥೆ ಯಾರದು?

ಪ್ರಶ್ನೆ: ನಾವು ಐದು ಮಂದಿ ರಜಾದಿನಗಳಲ್ಲಿ ಸೇರಿ, ಪಾತ್ರಗಳನ್ನು ವಹಿಸಿ ಮಾತಿನಲ್ಲೇ ಕಥೆ ಬೆಳೆಸುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟವನ್ನು ಕನ್ನಡದಲ್ಲಿ ಆಡುತ್ತೇವೆ. ಚಂದ್ರಗಿರಿ ಹೊಳೆ, ಬೇಕಲ ಕೋಟೆಗಳನ್ನು ಹೋಲುವ ಕಾಲ್ಪನಿಕ ರಾಜ್ಯವೊಂದರ ಕಥೆಯನ್ನು ನಾನು ಬರೆದೆ, ಗೆಳತಿಯೊಬ್ಬಳು ಅದರ ನಕಾಶೆ ಬಿಡಿಸಿದಳು, ಉಳಿದವರು ತಮ್ಮ ಪಾತ್ರಗಳ ಪೂರ್ವಕಥೆ ಬರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಈಗ ನಮ್ಮಲ್ಲೊಬ್ಬ ಎಲ್ಲವನ್ನೂ ಸೇರಿಸಿ ತನ್ನ ಹೆಸರಿನಲ್ಲಿ ಇ-ಪುಸ್ತಕ ಮಾಡಿ ಮಾರಲು ಹೊರಟಿದ್ದಾನೆ. ಗುಂಪಿಗೆ ಬಂದದ್ದು ಎಲ್ಲರ ಸೊತ್ತು ಎನ್ನುತ್ತಾನೆ. ಇದು ಸರಿಯೇ?
– ಓದುಗರು, ಬದಿಯಡ್ಕ

ಉತ್ತರ: ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರೇ, ಬಿಡಿಸಿದವರೇ ಕೃತಿಯ ಮೊದಲ ಒಡೆಯರು. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ನಕಾಶೆ ನಿಮ್ಮ ಗೆಳತಿಯದು, ಪೂರ್ವಕಥೆಗಳು ಅವುಗಳನ್ನು ಬರೆದವರವು. ಗುಂಪಿಗೆ ಹಾಕುವುದೆಂದರೆ ಓದಲು ಕೊಡುವುದು ಮಾತ್ರ. ಹಕ್ಕು ಕೈ ಬದಲಾಗಬೇಕಾದರೆ ಒಡೆಯರು ಸಹಿ ಮಾಡಿದ ಬರಹವಿರಬೇಕೆಂದು ಸೆಕ್ಷನ್ 19 ಹೇಳುತ್ತದೆ. ವಾಟ್ಸ್‌ಆ್ಯಪ್ ಕೂಡ ತನ್ನ ಷರತ್ತುಗಳಲ್ಲಿ ಬಳಕೆದಾರರ ಬರಹದ ಒಡೆತನವನ್ನು ಕೇಳುವುದಿಲ್ಲ.

ಆಟ ಸಾಗುತ್ತಿರುವಾಗ ಮಾತಿನಲ್ಲೇ ಬೆಳೆದ ಸನ್ನಿವೇಶಗಳ ವಿಷಯ ಸ್ವಲ್ಪ ಸೂಕ್ಷ್ಮವಾದುದು. ತಾಳಮದ್ದಳೆಯನ್ನು ಬಲ್ಲ ನಿಮಗೆ ಇದನ್ನು ವಿವರಿಸುವುದು ಸುಲಭ: ಪ್ರಸಂಗದ ಪದ್ಯ ಕುಂಬಳೆಯ ಪಾರ್ತಿಸುಬ್ಬನದೇ ಆಗಿರಲಿ, ಅದರ ಮೇಲೆ ಅರ್ಥಧಾರಿ ಆ ರಾತ್ರಿ ಕಟ್ಟುವ ವಾದ ಅರ್ಥಧಾರಿಯದೇ. ನಿಮ್ಮ ಆಟದಲ್ಲಿಯೂ ಹಾಗೆ ಯಾರ ಮಾತು ಯಾವುದೆಂದು ಬೇರ್ಪಡಿಸಬಹುದಾದರೆ ಆ ಭಾಗ ಅವರದು; ಬೇರ್ಪಡಿಸಲಾಗದಂತೆ ಹೆಣೆದುಕೊಂಡು ಬರಹಕ್ಕಿಳಿದಿದ್ದರೆ ಅದು ಜಂಟಿ ಕೃತಿಯಾಗುತ್ತದೆ, ಆಗ ಎಲ್ಲರ ಒಪ್ಪಿಗೆಯಿಲ್ಲದೆ ಒಬ್ಬನೇ ಪ್ರಕಟಿಸುವಂತಿಲ್ಲ. ಆದರೆ ಹೊಳೆಯಂಚಿನ ಕೋಟೆಯ ರಾಜ್ಯವೆಂಬ ಕಲ್ಪನೆಯಷ್ಟಕ್ಕೇ ಯಾರೂ ಒಡೆಯರಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆಟದ ಕಂಪನಿಯ ಹಕ್ಕನ್ನೂ ಮರೆಯಬಾರದು. ಆಡುವ ವಿಧಾನಕ್ಕೆ ಕೃತಿಸ್ವಾಮ್ಯವಿಲ್ಲದಿದ್ದರೂ ನಿಯಮಪುಸ್ತಕದ ವಾಕ್ಯಗಳಿಗೆ ಇದೆ. ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯು 2023ರ ಜನವರಿಯಲ್ಲಿ ಮೂಲ ನಿಯಮಗಳ ಒಂದು ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದು, ಮೂಲವನ್ನು ಹೆಸರಿಸಿ ಅದನ್ನು ಮಾರಾಟದ ಪುಸ್ತಕದಲ್ಲಿಯೂ ಬಳಸಬಹುದು. ಅದರ ಹೊರಗಿನ ಕಂಪನಿಯ ಪಾತ್ರಗಳನ್ನೂ ಲೋಕಗಳನ್ನೂ ನಿಮ್ಮ ಪುಸ್ತಕಕ್ಕೆ ತರಬೇಡಿ.

ಕಾಸರಗೋಡಿನ ಮಣ್ಣಿನಿಂದ ಇಂಥದೊಂದು ಕನ್ನಡ ಕಥಾಲೋಕ ಹುಟ್ಟಿರುವುದು ನನಗೆ ನಿಜಕ್ಕೂ ಸಂತೋಷದ ವಿಷಯ. ಪುಸ್ತಕ ಬರಲೇಬೇಕು, ಆದರೆ ಐವರ ಹೆಸರಿನಲ್ಲಿ. ತನ್ನ ಕೃತಿಗೆ ತನ್ನ ಹೆಸರಿರಬೇಕೆಂದು ಕೇಳುವ ಹಕ್ಕು, ಕೃತಿಸ್ವಾಮ್ಯವನ್ನು ಬಿಟ್ಟುಕೊಟ್ಟ ಮೇಲೂ ಸೆಕ್ಷನ್ 57ರಂತೆ ಕರ್ತೃವಿಗೆ ಉಳಿಯುತ್ತದೆ. ಒಂದು ಹಾಳೆಯಲ್ಲಿ ಯಾರ ಯಾವ ಭಾಗ, ಹಣದಲ್ಲಿ ಯಾರಿಗೆಷ್ಟು ಪಾಲು, ಪ್ರಕಟಿಸುವ ಹಕ್ಕು ಎಷ್ಟು ವರ್ಷಕ್ಕೆ ಎಂಬುದನ್ನು ಬರೆದು ಎಲ್ಲರೂ ಸಹಿ ಹಾಕಿ. ಅವಧಿ ಬರೆಯದಿದ್ದರೆ ಕಾಯಿದೆ ಅದನ್ನು 5 ವರ್ಷವೆಂದೇ ಎಣಿಸುತ್ತದೆ. ಗೆಳೆಯ ಒಪ್ಪದೆ ಪ್ರಕಟಿಸಿಬಿಟ್ಟರೆ, ಮಾರಾಟದ ಜಾಲತಾಣ ಎಲ್ಲಿಯದೇ ಆಗಿದ್ದರೂ ನೀವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ದಾವೆ ಹೂಡಲು ಸೆಕ್ಷನ್ 62 ಅವಕಾಶ ನೀಡುತ್ತದೆ.