ಪಾಂಟಪ್ರೀದ್‌ನವರಿಗೆ ತಂಡ ಯಾಕಿಲ್ಲ?

ಪ್ರಶ್ನೆ: ಕೆಲಸದ ಮೇಲೆ ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್‌ಗೆ ಬಂದು ಎರಡು ವರ್ಷವಾಯಿತು. ಇಲ್ಲಿನ ರಗ್ಬಿ ತಂಡದ ಪಂದ್ಯಗಳನ್ನು ತಪ್ಪದೆ ನೋಡುತ್ತೇನೆ. ಆಫೀಸಿನಲ್ಲಿ ಪಾಂಟಪ್ರೀದ್ ಊರಿನ ಹಿರಿಯರೊಬ್ಬರಿದ್ದಾರೆ. ಅವರಿಗೆ ರಗ್ಬಿ ಅಂದರೆ ಪ್ರಾಣ. ಆದರೂ ‘ಕಾರ್ಡಿಫ್ ನಮ್ಮದಲ್ಲ, 2004ರಿಂದ ನಮಗೆ ತಂಡವೇ ಇಲ್ಲ’ ಅನ್ನುತ್ತಾರೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಇಷ್ಟೊಂದು ನೋವು ಯಾಕೆ?
– ಕಾರ್ಡಿಫ್‌ನಿಂದ ಓದುಗರೊಬ್ಬರು

ಉತ್ತರ: ಅವರು ಹೇಳಿದ್ದು ಅಕ್ಷರಶಃ ನಿಜ. ಅವರ ಊರಿಗೂ ಮೇಲಿನ ಹಂತದಲ್ಲಿ ತಂಡವಿತ್ತು, ಅದನ್ನು ಮುಚ್ಚಿದರು.

ರಗ್ಬಿ ಯೂನಿಯನ್‌ನಲ್ಲಿ, ಅಂದರೆ 15 ಜನರ ರಗ್ಬಿಯಲ್ಲಿ, ಆಟಗಾರರಿಗೆ ಸಂಬಳ ಕೊಡಬಹುದು ಎಂದು ತೀರ್ಮಾನವಾದದ್ದು 1995ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ವೇಲ್ಸ್‌ನಲ್ಲಿ ಗಣಿ ಕೆಲಸದವರು, ಉಕ್ಕಿನ ಕಾರ್ಖಾನೆಯವರು, ಮೇಷ್ಟ್ರುಗಳು ಶನಿವಾರ ತಮ್ಮ ಊರಿಗಾಗಿ ಆಡುತ್ತಿದ್ದರು. ಸಂಬಳ ಬಂದ ಮೇಲೆ ಲೆಕ್ಕ ತಪ್ಪಿತು. 30 ಲಕ್ಷವೂ ಇಲ್ಲದ ಜನಸಂಖ್ಯೆ, ಮೇಲಿನ ಹಂತದಲ್ಲಿ ಒಂಬತ್ತು ಕ್ಲಬ್‌ಗಳು. ಇಂಗ್ಲೆಂಡ್, ಫ್ರಾನ್ಸ್‌ನ ಹಣದ ಮುಂದೆ ಯಾವುದೂ ನಿಲ್ಲಲಿಲ್ಲ. ವೇಲ್ಸ್ ರಗ್ಬಿ ಒಕ್ಕೂಟದ ಮುಖ್ಯಸ್ಥರಾಗಿ ಬಂದ ಡೇವಿಡ್ ಮಾಫೆಟ್ 2003ರಲ್ಲಿ ಒಂಬತ್ತರ ಜಾಗಕ್ಕೆ ಐದು ಪ್ರಾದೇಶಿಕ ತಂಡಗಳನ್ನು ತಂದರು.

ಅವರ ಕಣ್ಣೆದುರಿಗಿದ್ದ ಮಾದರಿ ಐರ್ಲೆಂಡ್. ನನ್ನ ಪ್ರಕಾರ ಎಡವಟ್ಟಾದದ್ದು ಅಲ್ಲೇ. 1972ರ ಅಕ್ಟೋಬರ್ 31ರಂದು ನ್ಯೂಜಿಲೆಂಡ್‌ನ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್ ವೇಲ್ಸ್‌ನಲ್ಲಿ 9-3ರಿಂದ ಸೋತಿತು. ಸೋಲಿಸಿದ್ದು ಲನೆಲ್ಲಿ, ಒಂದು ಊರಿನ ಕ್ಲಬ್. ಆರು ವರ್ಷದ ಮೇಲೆ, 1978ರಲ್ಲಿ, ಅದೇ ಅಕ್ಟೋಬರ್ 31ರಂದು ಅದೇ ಆಲ್ ಬ್ಲ್ಯಾಕ್ಸ್ ಐರ್ಲೆಂಡಿನ ಲಿಮರಿಕ್‌ನಲ್ಲಿ 12-0ಯಿಂದ ಸೋತಿತು. ಅಲ್ಲಿ ಗೆದ್ದದ್ದು ಮನ್‌ಸ್ಟರ್, ಒಂದು ಇಡೀ ಪ್ರಾಂತ್ಯ. ಮನ್‌ಸ್ಟರ್, ಲೆನ್‌ಸ್ಟರ್, ಅಲ್‌ಸ್ಟರ್, ಕಾನಟ್ ತಂಡಗಳು 19ನೇ ಶತಮಾನದಿಂದಲೂ ಇವೆ, ನಮ್ಮಲ್ಲಿ ರಣಜಿಗೆ ರಾಜ್ಯದ ತಂಡವಿದ್ದ ಹಾಗೆ. ವೃತ್ತಿಪರ ಆಟ ಬಂದಾಗ ಐರಿಷ್ ಒಕ್ಕೂಟ ಆ ತಂಡಗಳ ಆಟಗಾರರಿಗೇ ಸಂಬಳ ಕೊಟ್ಟಿತು. ವೇಲ್ಸ್‌ನಲ್ಲಿ ನೆನಪು, ಹೆಮ್ಮೆ, ಜಗಳ ಎಲ್ಲವೂ ಊರಿನದು. ಹೊಸ ತಂಡದ ಹೆಸರಿಗೆ ಅಂಟಿಕೊಳ್ಳಲು ಏನೂ ಇರಲಿಲ್ಲ.

ಕಾರ್ಡಿಫ್, ಲನೆಲ್ಲಿ ಬೇರೆ ಕ್ಲಬ್ ಜೊತೆ ಕೂಡದೆ ಒಂಟಿಯಾಗಿಯೇ ಪ್ರಾದೇಶಿಕ ತಂಡಗಳಾದವು. ಕಪ್ಪು ಜೆರ್ಸಿಯ ನೀತ್, ಬಿಳಿ ಜೆರ್ಸಿಯ ಸ್ವಾನ್ಸಿ ಎಷ್ಟು ಹಳೆಯ ವೈರಿಗಳೆಂದರೆ ಅವನ್ನು ಕೂಡಿಸುವುದೇ ಅಸಾಧ್ಯ ಅನ್ನಿಸುತ್ತಿತ್ತು. ಆದರೂ ಆಸ್ಪ್ರೀಸ್ ಹೆಸರಿನಲ್ಲಿ ಕೂಡಿ ನಾಲ್ಕು ಸಲ ಲೀಗ್ ಗೆದ್ದವು. 2008ರಲ್ಲಿ ಇಂಗ್ಲೆಂಡ್ ವಿರುದ್ಧ ಕಣಕ್ಕಿಳಿದ ವೇಲ್ಸ್‌ನ 15 ಮಂದಿಯಲ್ಲಿ 13 ಜನ ಆಸ್ಪ್ರೀಸ್‌ನವರು. ಆ ವರ್ಷ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಆರು ದೇಶಗಳ ಟೂರ್ನಿಯ ತನ್ನ ಎಲ್ಲ ಪಂದ್ಯಗಳ ಗೆಲುವು, ವೇಲ್ಸ್‌ನದಾಯಿತು. ಈ ಯೋಜನೆಯನ್ನು ಪೂರ್ತಿ ತಪ್ಪು ಅನ್ನಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

ಐದರಲ್ಲಿ ಇನ್ನೊಂದು ಕೆಲ್ಟಿಕ್ ವಾರಿಯರ್ಸ್, ಪಾಂಟಪ್ರೀದ್ ಮತ್ತು ಬ್ರಿಜೆಂಡ್ ಸೇರಿ ಆದದ್ದು. ಪಾಂಟಪ್ರೀದ್ ಸುತ್ತಲಿನ ಕಲ್ಲಿದ್ದಲು ಕಣಿವೆಗಳಿಗೆ ಇದ್ದದ್ದು ಇದೊಂದೇ. ಪಂದ್ಯಗಳು ಹೆಚ್ಚಾಗಿ ಬ್ರಿಜೆಂಡ್‌ನಲ್ಲೇ ನಡೆದವು. ಆಟದಲ್ಲಿ ಅವರು ಕಳಪೆಯಾಗಿರಲಿಲ್ಲ: 2003-04ರಲ್ಲಿ ಯುರೋಪಿನ ಕಪ್ ಎತ್ತಿದ ಇಂಗ್ಲೆಂಡಿನ ವಾಸ್ಪ್ಸ್ ತಂಡವನ್ನು ಅದರ ನೆಲದಲ್ಲೇ ಸೋಲಿಸಿದ್ದರು. ಆದರೆ ಪಾಂಟಪ್ರೀದ್ ಕ್ಲಬ್ ಹಣದ ಮುಗ್ಗಟ್ಟಿಗೆ ಸಿಕ್ಕಿ ತನ್ನ ಅರ್ಧ ಪಾಲು ಕಳೆದುಕೊಂಡಿತು, ಕೊನೆಗೆ ಇಡೀ ತಂಡ ಒಕ್ಕೂಟದ ಕೈಸೇರಿತು. 2004ರ ಬೇಸಿಗೆಯಲ್ಲಿ, ಒಂದೇ ಋತು ಆಡಿದ ಮೇಲೆ, ಅದನ್ನು ಮುಚ್ಚಿ ಆಟಗಾರರನ್ನು ಬೇರೆ ತಂಡಗಳಿಗೆ ಹಂಚಲಾಯಿತು. ಪಾಂಟಪ್ರೀದ್ ಕಾಗದದ ಮೇಲೆ ಕಾರ್ಡಿಫ್‌ನ ಪಾಲಾಯಿತು. ಅಷ್ಟು ವರ್ಷ ಯಾರನ್ನು ಸೋಲಿಸಬೇಕೆಂದು ಗಂಟಲು ಹರಿದುಕೊಂಡಿದ್ದರೋ ಅವರಿಗೇ ಇನ್ನು ಜೈ ಅನ್ನಬೇಕು ಅಂದರೆ ಯಾರಿಗೆ ಆಗುತ್ತದೆ?

ಉಳಿದ ತಂಡಗಳಿಗೂ ನೆಮ್ಮದಿ ಸಿಗಲಿಲ್ಲ. ನೀವು ನೋಡುವ ಕಾರ್ಡಿಫ್ ತಂಡವನ್ನೇ 2025ರ ಏಪ್ರಿಲ್‌ನಲ್ಲಿ ಒಕ್ಕೂಟ ವಹಿಸಿಕೊಳ್ಳಬೇಕಾಯಿತು.

ಪಾಂಟಪ್ರೀದ್ ಕ್ಲಬ್ ಮಾತ್ರ ಸತ್ತಿಲ್ಲ. ವೇಲ್ಸ್‌ನ ಒಳಗಿನ ಲೀಗ್‌ನಲ್ಲಿ, ಸಾರ್ಡಿಸ್ ರೋಡ್ ಮೈದಾನದಲ್ಲಿ, ಅದೇ ಕಪ್ಪು-ಬಿಳಿ ಪಟ್ಟೆಯ ಜೆರ್ಸಿಯಲ್ಲಿ ಆಡುತ್ತಿದೆ. ಒಂದು ಶನಿವಾರ ಆ ಹಿರಿಯರ ಜೊತೆ ಹೋಗಿ ಬನ್ನಿ.