ಓದುಗರ ಪ್ರಶ್ನೆ: ಮಾಂಕ್ಟನ್ನಿನ ಮಗು ಯಾವ ಶಾಲೆಗೆ?

ಪ್ರಶ್ನೆ: ನಾನು ಕಾಸರಗೋಡಿನವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಆರು ವರ್ಷಗಳಿಂದ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಾಂಕ್ಟನ್ ನಗರದಲ್ಲಿದ್ದೇನೆ. ಪತಿ ಇಲ್ಲಿಯ ಅಕಾಡಿಯನ್ ಫ್ರೆಂಚ್ ಮನೆತನದವರು, ಎಂದರೆ ಹಿಂದೆ ಇಲ್ಲಿ ನೆಲೆಸಿದ ಫ್ರೆಂಚ್ ವಲಸಿಗರ ವಂಶದವರು. ಮಗಳೊಡನೆ ನಾನು ಕನ್ನಡದಲ್ಲಿ ಮಾತನಾಡುತ್ತೇನೆ. ನಾವಿಬ್ಬರೂ ಪರಸ್ಪರ ಇಂಗ್ಲಿಷಿನಲ್ಲಿ. ತಮ್ಮ ಫ್ರೆಂಚ್ ಕಲಬೆರಕೆಯದು ಎಂಬ ಸಂಕೋಚದಿಂದ ಪತಿ ಮಗಳೊಡನೆಯೂ ಇಂಗ್ಲಿಷಿಗೇ ಜಾರುತ್ತಾರೆ. ಅಜ್ಜಿ ಫ್ರೆಂಚಿನಲ್ಲಿ ಏನಾದರೂ ಕೇಳಿದರೆ ನಾಲ್ಕು ವರ್ಷದ ಮಗಳು ‘ಓಕೆ, ಮೆಮೆರ್’ ಎಂದು ಓಡಿಬಿಡುತ್ತಾಳೆ. ಇಂಗ್ಲಿಷ್ ಶಾಲೆಯಲ್ಲೇ ಫ್ರೆಂಚಿನಲ್ಲಿ ಪಾಠ ಮಾಡುವ ‘ಇಮ್ಮರ್ಶನ್’ ತರಗತಿಗೆ ಸೇರಿಸಿದರೆ ಎರಡೂ ಭಾಷೆ ಬರುತ್ತವೆ ಎನ್ನುತ್ತಾರೆ ನೆರೆಯವರು. ಪೂರ್ತಿ ಫ್ರೆಂಚ್ ಶಾಲೆಗೆ ಹಾಕಿದರೆ ಇಂಗ್ಲಿಷ್ ಕುಂಟೀತೆಂಬ ಭಯ ನನ್ನದು. ಮೂರು ಭಾಷೆ ಮಗುವಿಗೆ ಹೊರೆಯಾಗದೆ?

ಉತ್ತರ: ಮೊದಲು ನಿಮ್ಮನ್ನೇ ಒಂದು ಮಾತು ಕೇಳುತ್ತೇನೆ. ಕನ್ನಡ ಶಾಲೆಯಲ್ಲಿ ಓದಿದ ನಿಮಗೆ ಮಲಯಾಳಂ ಕಲಿಸಿದವರು ಯಾರು? ಬಸ್ಸಿನ ಬೋರ್ಡು, ಅಂಗಡಿಯ ಕಟ್ಟೆ, ಪಕ್ಕದ ಮನೆಯ ಗೆಳತಿ. 1956ರಲ್ಲಿ ಕೇರಳಕ್ಕೆ ಸೇರಿದ ನಿಮ್ಮ ಊರಿನಲ್ಲಿ ಮಲಯಾಳವನ್ನು ಕಾಯುವ ಕೆಲಸ ನಿಮ್ಮ ಮನೆಯದಾಗಿರಲಿಲ್ಲ, ಕಾಯಬೇಕಾಗಿದ್ದುದು ಕನ್ನಡವನ್ನು. ಮಾಂಕ್ಟನ್ನಿನಲ್ಲಿ ಮಲಯಾಳಂ ನಿಂತಿದ್ದ ಜಾಗದಲ್ಲಿ ಇಂಗ್ಲಿಷ್ ನಿಂತಿದೆ. ಅಂಗಡಿ, ಆಟದ ಮೈದಾನ, ಕಾರ್ಟೂನು, ಎಲ್ಲವೂ ಅದರ ಕಡೆಗೇ ವಾಲಿಕೊಂಡಿವೆ. ಮಾಂಕ್ಟನ್ ವಿಶ್ವವಿದ್ಯಾಲಯದ ರೊಡ್ರಿಗ್ ಲಾಂಡ್ರಿ ಮತ್ತು ರೆಯಾಲ್ ಅಲಾರ್ ಫ್ರೆಂಚ್ ಅಲ್ಪಸಂಖ್ಯಾತ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದು ಇದನ್ನೇ: ಸಮಾಜದ ಭಾರವೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿರುವಾಗ ಮನೆಯೂ ಶಾಲೆಯೂ ಇನ್ನೊಂದು ತಟ್ಟೆಯಲ್ಲಿ ಕುಳಿತರೆ ಮಾತ್ರ ಮಗುವಿಗೆ ಎರಡೂ ಭಾಷೆಗಳು ದಕ್ಕುತ್ತವೆ. ಹಾಗೆ ಬೆಳೆದ ಮಕ್ಕಳ ಇಂಗ್ಲಿಷ್ ಸೊರಗುವುದಿಲ್ಲ. ಆದುದರಿಂದ ನನ್ನ ಸಲಹೆ ಫ್ರೆಂಚ್ ಶಾಲೆಯೇ.

ನೆರೆಯವರ ಮಾತಿನಲ್ಲಿ ಒಂದು ಗೊಂದಲವಿದೆ. ಇಮ್ಮರ್ಶನ್ ಎಂಬುದು 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಮಾತಿನ ಪೋಷಕರು ತಮ್ಮ ಮಕ್ಕಳಿಗಾಗಿ ಹಟ ಹಿಡಿದು ಆರಂಭಿಸಿಕೊಂಡ ಪದ್ಧತಿ. ಅಲ್ಲಿ ಶಿಕ್ಷಕಿ ಫ್ರೆಂಚಿನಲ್ಲಿ ಪಾಠ ಮಾಡುತ್ತಾರೆ, ಆದರೆ ಸಹಪಾಠಿಗಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮನೆಗಳಿಂದ ಬಂದವರು. ಗಂಟೆ ಹೊಡೆದೊಡನೆ ಫ್ರೆಂಚ್ ತರಗತಿಯಲ್ಲೇ ಉಳಿಯುತ್ತದೆ. ಅಜ್ಜಿಯ ಭಾಷೆ ಫ್ರೆಂಚಾಗಿರುವ ಮಗುವನ್ನು ಅಲ್ಲಿಗೆ ಕಳುಹಿಸುವುದೆಂದರೆ ಮನೆಯ ಭಾಷೆಯನ್ನು ಹೊರಗಿನವರ ಭಾಷೆಯಾಗಿ ಕಲಿಸಿದಂತಾಗುತ್ತದೆ. ಇದಕ್ಕೆ ಕಾನೂನಿನ ಮುಖವೂ ಇದೆ. 1982ರ ಕೆನಡಾ ಹಕ್ಕುಗಳ ಸನ್ನದಿನ 23ನೆಯ ವಿಧಿಯ ಪ್ರಕಾರ, ಮೊದಲು ಕಲಿತು ಈಗಲೂ ಅರ್ಥವಾಗುವ ಭಾಷೆ ಫ್ರೆಂಚ್ ಆಗಿರುವ ನಿಮ್ಮ ಪತಿಗೆ ಮಗಳನ್ನು ಫ್ರೆಂಚ್ ಶಾಲೆಯಲ್ಲಿ ಓದಿಸುವ ಹಕ್ಕಿದೆ. ಅಲ್ಲಿಯವರು ಇಂಥವರನ್ನು ‘ಎಯಾಂ ದ್ರುವಾ’, ಎಂದರೆ ಹಕ್ಕುದಾರರು ಎನ್ನುತ್ತಾರೆ. ಕೆನಡಾದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಫ್ರೆಂಚಿನಲ್ಲಿ ಪಡೆದವರಿಗೂ ಇದೇ ಹಕ್ಕು ಇರುವುದರಿಂದ ಮಗಳು ಅಲ್ಲಿ ಓದಿದರೆ ನಾಳೆ ಅವಳ ಮಕ್ಕಳಿಗೂ ಅದು ಉಳಿಯುತ್ತದೆ. ಇಂಗ್ಲಿಷನ್ನೇ ಮೊದಲ ಭಾಷೆಯಾಗಿ ಕಲಿತು ಇಂಗ್ಲಿಷ್ ವ್ಯವಸ್ಥೆಯಲ್ಲೇ ಓದಿದರೆ ಆ ಎಳೆ ಕಡಿದುಹೋಗಬಹುದು. ಈ ಒಂದು ಸಂಗತಿಯನ್ನು ಪೋಷಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲವೆಂಬುದು ನನ್ನ ಹಳೆಯ ಅಸಮಾಧಾನ.

ಇನ್ನು ನಿಮ್ಮ ಪತಿಯ ಸಂಕೋಚ. ಈ ಮೇಲಿನ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದೇ ಎಂದು ನನಗೆ ತೋರುತ್ತದೆ. ಅವರು ಆಡುವ ಮಾತಿಗೆ ಶಿಯಾಕ್ ಎಂಬ ಹೆಸರಿದೆ. ‘ಜೆ ಪಾರ್ಕೆ ಮೊಂ ಕಾರ್ ದಾಂ ಲಾ ಡ್ರೈವ್‌ವೇ’ (ಮನೆಯ ಮುಂದಿನ ದಾರಿಯಲ್ಲಿ ಕಾರು ನಿಲ್ಲಿಸಿದೆ) ಎಂಬಂಥ ವಾಕ್ಯವನ್ನು ನೀವು ಕೇಳಿಯೇ ಇರುತ್ತೀರಿ. ಗಮನಿಸಿ ನೋಡಿ: ಪದಗಳು ಇಂಗ್ಲಿಷಿನವು, ಆದರೆ ‘ಪಾರ್ಕ್’ ಎಂಬ ಕ್ರಿಯಾಪದಕ್ಕೆ ಹತ್ತಿದ ಪ್ರತ್ಯಯ ಫ್ರೆಂಚಿನದು, ‘ಡ್ರೈವ್‌ವೇ’ಗೆ ಕೊಟ್ಟ ಸ್ತ್ರೀಲಿಂಗವೂ ಫ್ರೆಂಚಿನದು. ನಾವು ‘ಕಾರನ್ನು ಪಾರ್ಕ್ ಮಾಡಿದೆ’ ಎನ್ನುವಾಗ ಕನ್ನಡ ಕೆಟ್ಟಿತೆಂದು ಮಗುವಿನೊಡನೆ ಮಾತು ನಿಲ್ಲಿಸುತ್ತೇವೆಯೇ? ಆ ಊರಿನ ಹೆಸರನ್ನೇ ನೋಡಿ. 1755ರಲ್ಲಿ ಫ್ರೆಂಚರ ಬೊಸೆಜೂರ್ ಕೋಟೆಯನ್ನು ಗೆದ್ದು, ಅಕಾಡಿಯನ್ನರನ್ನು ಅವರ ನೆಲದಿಂದ ಹಡಗು ಹತ್ತಿಸಿದ ಕಾರ್ಯಾಚರಣೆಯಲ್ಲಿ ಪಾಲುಗೊಂಡ ರಾಬರ್ಟ್ ಮಾಂಕ್ಟನ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಅದು. ಅಂಥ ಹೆಸರಿನ ಊರಿನಲ್ಲಿ 1963ರಲ್ಲಿ ಫ್ರೆಂಚ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1969ರಲ್ಲಿ ಲೂಯಿ ರೊಬಿಶೊ ಸರ್ಕಾರ ಪ್ರಾಂತ್ಯವನ್ನು ಅಧಿಕೃತವಾಗಿ ದ್ವಿಭಾಷಿಕವಾಗಿಸಿತು. ಇಷ್ಟನ್ನೆಲ್ಲ ದಾಟಿ ಉಳಿದು ಬಂದ ಮಾತು ಮಗಳ ಎದುರು ನಾಚಿ ನಿಲ್ಲಬೇಕಾಗಿಲ್ಲ. ಶಿಷ್ಟ ಫ್ರೆಂಚನ್ನು ಶಾಲೆ ಕಲಿಸುತ್ತದೆ. ಸ್ನಾನ ಮಾಡಿಸುವಾಗ, ಬೂಟಿನ ದಾರ ಕಟ್ಟುವಾಗ ಅಪ್ಪನ ಬಾಯಿಂದ ಶಿಯಾಕ್ ಬರಲಿ.

ಒಬ್ಬ ಪೋಷಕರಿಗೆ ಒಂದು ಭಾಷೆ ಎಂಬ ಸೂತ್ರವನ್ನು ಭಾಷಾವಿಜ್ಞಾನಿ ಜೂಲ್ ರೊಂಜಾ ತಮ್ಮ ಮಗ ಫ್ರೆಂಚ್ ಮತ್ತು ಜರ್ಮನ್ ಎರಡನ್ನೂ ಕಲಿತ ಬಗೆಯನ್ನು ದಾಖಲಿಸಿ 1913ರಲ್ಲೇ ಪ್ರಕಟಿಸಿದ್ದರು. ಸೂತ್ರ ಒಳ್ಳೆಯದು, ಆದರೆ ಸಾಲದು. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಅನಿಕ್ ಡಿ ಹೌವರ್ 1,800ಕ್ಕೂ ಹೆಚ್ಚು ಕುಟುಂಬಗಳ ಬಗ್ಗೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ನಾಲ್ಕರಲ್ಲೊಂದು ಪಾಲು ಮನೆಗಳ ಮಕ್ಕಳು ಮನೆಯ ಸಣ್ಣ ಭಾಷೆಯನ್ನು, ಎಂದರೆ ಸುತ್ತಲಿನ ಸಮಾಜದ್ದಲ್ಲದ ಭಾಷೆಯನ್ನು, ಆಡುತ್ತಲೇ ಇರಲಿಲ್ಲ. ತಂದೆ ತಾಯಿ ಇಬ್ಬರೂ ಅದನ್ನು ಬಳಸುವ ಮನೆಗಳಲ್ಲಿ ಅದು ಹೆಚ್ಚು ಗಟ್ಟಿಯಾಗಿ ನಿಂತಿತ್ತು. ನಿಮ್ಮ ಮನೆಯಲ್ಲಿ ಸೋರಿಕೆಯಿರುವುದು ಊಟದ ಮೇಜಿನಲ್ಲಿ, ನೀವಿಬ್ಬರೂ ಇಂಗ್ಲಿಷ್ ಆಡುವಲ್ಲಿ. ಆ ಜಾಗವನ್ನು ನಿಧಾನವಾಗಿ ಫ್ರೆಂಚಿಗೆ ಬಿಟ್ಟುಕೊಡಿ. ನಿಮ್ಮ ಫ್ರೆಂಚ್ ತಪ್ಪುತಪ್ಪಾಗಿದ್ದರೆ ಪತಿಯ ಸಂಕೋಚವೂ ಅರ್ಧ ಇಳಿದೀತು. ಕನ್ನಡವನ್ನು ಮಾತ್ರ ಬಿಡಬೇಡಿ. ಮೂರು ಭಾಷೆ ಹೊರೆಯೆಂಬುದು ಹುಸಿಭಯ. ಮಕ್ಕಳು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಗೊಂದಲದ ಲಕ್ಷಣವಲ್ಲ.

ಪ್ರಶ್ನೆ: ಮಗ ಸೊಸೆ ಇಬ್ಬರೂ ಮೈಸೂರಿನವರು, ಈಗ ಒಟ್ಟಾವಾದಲ್ಲಿದ್ದಾರೆ. ಮೊಮ್ಮಗನನ್ನು ಫ್ರೆಂಚ್ ಶಾಲೆಗೆ ಸೇರಿಸುವ ಆಸೆ ಅವರಿಗಿದೆ. ಫ್ರೆಂಚರಲ್ಲದವರಿಗೆ ಅಲ್ಲಿ ಪ್ರವೇಶವಿದೆಯೆ?

ಉತ್ತರ: ಮೇಲೆ ಹೇಳಿದ 23ನೆಯ ವಿಧಿ ಅವರಿಗೆ ಹಕ್ಕನ್ನು ಕೊಡುವುದಿಲ್ಲ, ಆದರೆ ಬಾಗಿಲು ಮುಚ್ಚಿಲ್ಲ. ಒಟ್ಟಾವಾ ಇರುವ ಒಂಟಾರಿಯೊ ಪ್ರಾಂತ್ಯದ ಫ್ರೆಂಚ್ ಶಾಲಾಮಂಡಳಿಗಳಲ್ಲಿ ಪ್ರವೇಶ ಸಮಿತಿಗಳಿವೆ. ಹಕ್ಕುದಾರರಲ್ಲದವರ ಅರ್ಜಿಯನ್ನು ಅವು ಪರಿಶೀಲಿಸಿ ನಿರ್ಧರಿಸುತ್ತವೆ. ಮನೆಯಲ್ಲಿ ಫ್ರೆಂಚಿಗೆ ಏನು ಮಾಡುವಿರಿ ಎಂದು ಕೇಳಿಯಾರು, ಮಗ ಸೊಸೆ ಉತ್ತರ ಸಿದ್ಧಪಡಿಸಿಕೊಂಡು ಹೋಗಲಿ. ಆ ಎಚ್ಚರಕ್ಕೆ ಕಾರಣವಿದೆ. 1912ರಲ್ಲಿ ಒಂಟಾರಿಯೊ ಸರ್ಕಾರ 17ನೆಯ ನಿಯಮದ ಮೂಲಕ ಶಾಲೆಗಳಲ್ಲಿ ಫ್ರೆಂಚ್ ಬೋಧನೆಯನ್ನು ಮೊದಲ ಎರಡು ವರ್ಷಗಳಾಚೆ ಬಹುತೇಕ ಅಡಗಿಸಿದಾಗ, 1916ರ ಜನವರಿಯಲ್ಲಿ ಒಟ್ಟಾವಾದ ಗಿಗ್ ಶಾಲೆಯ ಬಾಗಿಲಿನಲ್ಲಿ ತಾಯಂದಿರು ಟೋಪಿಯ ಉದ್ದನೆಯ ಸೂಜಿಗಳನ್ನು ಹಿಡಿದು ಶಿಕ್ಷಕಿಯರಿಗೆ ಕಾವಲು ನಿಂತಿದ್ದರು. ಹಾಗೆ ಉಳಿಸಿಕೊಂಡ ಶಾಲೆಯ ಅಂಗಳದಲ್ಲಿ ಇಂಗ್ಲಿಷೇ ಕೇಳಿಬಂದರೆ ಅವರಿಗೆ ಕಳವಳವಾಗುವುದು ಸಹಜ. ನಿಮ್ಮ ಪಾಲಿಗೆ ಉಳಿಯುವುದು ಫೋನಿನ ಕನ್ನಡ. ಮೊಮ್ಮಗ ಇಂಗ್ಲಿಷಿನಲ್ಲಿ ಉತ್ತರಿಸಿದರೂ ನೀವು ಮುಂದಿನ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ.